ಹಳೆ ಕಾರಿನ ಹಿಂದಿನ ಸ್ಟ್ರಟ್ ಮನೇಲಿ ಬದಲಿಸೋದು: ಸ್ಪ್ರಿಂಗ್ ಹತ್ತಿರ ಅವಸರ ಬೇಡ

ಪ್ರಶ್ನೆ: ಸರ್, ಹದಿನೈದು ವರ್ಷದ ಸೆಡಾನ್. ಹಂಪ್ ದಾಟಿದ ಮೇಲೆ ಹಿಂಭಾಗ ಎರಡು ಮೂರು ಸಲ ಕುಣಿಯುತ್ತೆ. ಎಡಗಡೆ ಸ್ಟ್ರಟ್ (ಸ್ಪ್ರಿಂಗ್ ಜೊತೆ ಸೇರಿರೋ ಶಾಕ್ ಅಬ್ಸಾರ್ಬರ್) ಕೆಳಗಿನವರೆಗೂ ಎಣ್ಣೆ ಇಳಿದು ಒದ್ದೆಯಾಗಿದೆ, ಬಲಗಡೆಯದು ಒಣಗಿದೆ. ಎಡಗಡೆ ಒಂದನ್ನೇ ಹಾಕಿದರೆ ಸಾಕಾ? ಸ್ಪ್ಯಾನರ್, ಸಾಕೆಟ್, ಜಾಕ್ ಎಲ್ಲಾ ಇವೆ, ಮನೇಲೇ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಎರಡೂ ಕಡೆ ಹಾಕಿ. ಒಂದು ಹೊಸದು ಒಂದು ಹಳೇದು ಇದ್ದರೆ ಜೋರಾಗಿ ಬ್ರೇಕ್ ಹಿಡಿದಾಗ, ತಿರುವಿನಲ್ಲಿ, ಎರಡು ಬದಿ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಮೇಲ್ಮೈ ಮೇಲೆ ತೆಳುವಾಗಿ ಎಣ್ಣೆ ಪಸೆ ಇದ್ದು ಧೂಳು ಹಿಡಿದಿದ್ದರೆ ಚಿಂತೆಯಿಲ್ಲ. ನಿಮ್ಮದರ ಹಾಗೆ ಹರಿದಿಳಿದಿದ್ದರೆ ಒಳಗಿನ ಎಣ್ಣೆ ತಡೆಯೋ ಸೀಲು ಹೋಗಿದೆ ಎಂದೇ ಅರ್ಥ. ಟೈರಿನ ಮೇಲೂ ಅಂಗೈ ಸವರಿ ನೋಡಿ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಸ್ಟ್ರಟ್ ಸೋತು ಬಹಳ ದಿನ ಆಗಿರಬಹುದು.

ಸ್ಟ್ರಟ್ ಜೊತೆಗೆ ಟಾಪ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸೋ ರಬ್ಬರ್ ಭಾಗ), ಬಂಪ್ ಸ್ಟಾಪ್ (ಪೂರ್ತಿ ಒತ್ತಿದಾಗ ಪೆಟ್ಟು ತಡೆಯೋ ತುಂಡು), ಡಸ್ಟ್ ಬೂಟ್ (ಧೂಳು ತಡೆಯೋ ಹೊದಿಕೆ) ತಲಾ ಎರಡು, ಹೊಸ ಲಾಕ್ ನಟ್ಟುಗಳು ತರಿಸಿಕೊಳ್ಳಿ. ಹಳೇ ಮೌಂಟಿನ ರಬ್ಬರ್ ಸೀಳಿದ್ದರೆ ಹೊಸ ಸ್ಟ್ರಟ್ ಹಾಕಿದ ಮೇಲೂ ಸದ್ದು ನಿಲ್ಲಲ್ಲ, ಪೂರ್ತಿ ಮತ್ತೆ ಬಿಚ್ಚಬೇಕಾಗುತ್ತೆ.

ಮುಂದಿನ ಚಕ್ರಗಳು ಉರುಳದ ಹಾಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಇಡಿ. ಹ್ಯಾಂಡ್‌ಬ್ರೇಕ್ ನಂಬಬೇಡಿ, ಅದು ಹಿಡಿಯೋ ಹಿಂದಿನ ಚಕ್ರಗಳೇ ಈಗ ಗಾಳಿಯಲ್ಲಿರುತ್ತವೆ. ಕಾರು ಜಾಕ್ ಸ್ಟ್ಯಾಂಡ್ ಮೇಲೆ ಕೂರಲಿ, ಬರೀ ಜಾಕ್ ಮೇಲೆ ಬೇಡವೇ ಬೇಡ. ಚಕ್ರ ಬಿಚ್ಚಿ, ಸ್ಟ್ರಟ್ಟಿಗೆ ಸಿಕ್ಕಿಸಿರೋ ಬ್ರೇಕ್ ಹೋಸ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ವೈರು, ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲೋದನ್ನು ತಡೆಯೋ ಸರಳಿನ ಕೊಂಡಿ) ಬಿಡಿಸಿ. ಹಬ್ (ಚಕ್ರ ಕೂರೋ ಭಾಗ) ಕೆಳಗೆ ಇನ್ನೊಂದು ಜಾಕ್ ಕೊಡಿ. ಇಲ್ಲದಿದ್ದರೆ ಬೋಲ್ಟ್ ಬಿಚ್ಚಿದ ಕೂಡಲೇ ಹಬ್ ಜೋತುಬಿದ್ದು ಅದರ ಭಾರವೆಲ್ಲ ಬ್ರೇಕ್ ಹೋಸ್ ಮೇಲೆ ಬೀಳುತ್ತೆ. ಕೆಳಗಿನ ಎರಡು ಬೋಲ್ಟ್ ಕೂತಿರೋ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿ, ಆಮೇಲೆ ಬಿಚ್ಚಿ. ಕೊನೆಗೆ ಡಿಕ್ಕಿಯೊಳಗಿನ ಮೇಲಿನ ನಟ್ಟುಗಳು. ಅವುಗಳ ನಡುವೆ ದೊಡ್ಡ ನಟ್ಟೊಂದು ಕಾಣುತ್ತೆ, ಅದನ್ನು ಮುಟ್ಟಬೇಡಿ. ಸ್ಪ್ರಿಂಗಿನ ಅಷ್ಟೂ ಒತ್ತಡವನ್ನು ತಡೆದಿರೋದು ಅದೇ. ಬಿಚ್ಚಿದರೆ ಮೌಂಟ್ ಗುಂಡಿನ ಹಾಗೆ ಹಾರುತ್ತೆ.

ಹೊರಬಂದ ಸ್ಟ್ರಟ್ಟಿಗೆ ಸ್ಪ್ರಿಂಗ್ ಕಂಪ್ರೆಸರಿನ (ಸ್ಪ್ರಿಂಗನ್ನು ಒತ್ತಿ ಹಿಡಿಯೋ ಸಾಧನ) ಎರಡು ಕೊಕ್ಕೆ ಎದುರುಬದುರು ಹಾಕಿ, ಆದಷ್ಟು ಹೆಚ್ಚು ಸುರುಳಿ ಒಳಗೆ ಬರಲಿ. ಮೌಂಟ್ ಯಾವ ದಿಕ್ಕಿಗಿತ್ತು ಅನ್ನೋದಕ್ಕೂ ಒಂದು ಗೆರೆ ಎಳೆದಿಡಿ. ಆ ಕಡೆ ನಾಲ್ಕು ಸುತ್ತು, ಈ ಕಡೆ ನಾಲ್ಕು ಸುತ್ತು, ಕೈಯಲ್ಲೇ ಬಿಗಿ ಮಾಡುತ್ತಾ ಹೋಗಿ. ಇಂಪ್ಯಾಕ್ಟ್ ಗನ್ (ನಟ್ಟು ತಿರುಗಿಸೋ ಯಂತ್ರ) ಹಾಕಿದರೆ ಕಂಪ್ರೆಸರಿನ ಮರೆ (ಥ್ರೆಡ್) ಕಿತ್ತುಹೋಗಬಹುದು. ಸ್ಪ್ರಿಂಗ್ ತಾನು ಕೂರೋ ಬಟ್ಟಲಿನಲ್ಲಿ (ಸೀಟು) ಸಡಿಲವಾಗಿ ಕೈಗೆ ತಿರುಗಿದರೆ ಮಾತ್ರ ನಡುವಿನ ನಟ್ಟು ಬಿಚ್ಚಿ. ಮುಖ, ಎದೆ ಅದರ ನೇರಕ್ಕೆ ಬರಬಾರದು.

ಹೊಸ ಸ್ಟ್ರಟ್ ನೆಟ್ಟಗೆ ನಿಲ್ಲಿಸಿ ಮೇಲಿನ ಉಕ್ಕಿನ ರಾಡನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಒಳಗೆ ಸೇರಿರೋ ಗಾಳಿ ಹೋಗಲಿ. ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಕೂದಲೆಳೆಯಷ್ಟು ಗೀರಾದರೂ ಪ್ರತಿ ಸಲ ಒಳಹೊರಗೆ ಹೋಗುವಾಗ ಸೀಲನ್ನು ಕೊಯ್ಯುತ್ತೆ, ಹೊಸದೇ ಸೋರತೊಡಗುತ್ತೆ. ರಾಡಿನ ತುದಿಗೆ ಅಲೆನ್ ಕೀ ಕೊಟ್ಟು ಹಿಡಿದು, ರಿಂಗ್ ಸ್ಪ್ಯಾನರ್‌ನಲ್ಲಿ ನಟ್ಟು ಬಿಗಿ ಮಾಡಿ. ಸ್ಪ್ರಿಂಗಿನ ತುದಿ ಕೆಳಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು.

ಪ್ರಶ್ನೆ: ಕೆಳಗಿನ ಬೋಲ್ಟ್ ತುಕ್ಕು ಹಿಡಿದು ಅಲುಗ್ತಾ ಇಲ್ಲ ಸರ್. ಕಾಯಿಸಿ ತೆಗೀಬಹುದಾ?

ಉತ್ತರ: ಬೇಡ. ಪಕ್ಕದಲ್ಲೇ ಬ್ರೇಕ್ ಹೋಸ್, ಸೆನ್ಸರ್ ಇವೆ, ಸ್ಟ್ರಟ್ಟಿನೊಳಗೆ ಗ್ಯಾಸ್ ಇರುತ್ತೆ. ವೈರ್ ಬ್ರಷ್ಷಿನಿಂದ ಮರೆ ಉಜ್ಜಿ, ತುಕ್ಕು ಬಿಡಿಸೋ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ನಟ್ಟನ್ನಷ್ಟೇ ತಿರುಗಿಸಿ, ಬೋಲ್ಟಿನ ತಲೆ ತಿರುಗಿಸಬೇಡಿ. ಎಷ್ಟೋ ಕಾರುಗಳಲ್ಲಿ ತಲೆಯ ಬುಡದಲ್ಲಿ ಹಲ್ಲುಗಳಿರುತ್ತವೆ, ತಿರುಗಿಸಿದರೆ ರಂಧ್ರವೇ ಕೆಡುತ್ತೆ. ಸುತ್ತಿಗೆ ಪೆಟ್ಟು ಕೊಡುವಾಗ ನಟ್ಟನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ಹಾಕಿರಿ, ಮರೆ ಚಪ್ಪಟೆಯಾಗಲ್ಲ.

ಪ್ರಶ್ನೆ: ಎರಡೂ ಕಡೆ ಹಾಕಿ ಆಯ್ತು. ಸಣ್ಣ ಗುಂಡಿಗೂ ಬಲಗಡೆ ಟಕ್ ಟಕ್ ಅನ್ನುತ್ತೆ. ಹೊಸ ಸ್ಟ್ರಟ್ಟೇ ಕೆಟ್ಟದ್ದಾ?

ಉತ್ತರ: ಸ್ಟ್ರಟ್ಟಿನ ತಪ್ಪು ಇರೋದು ಕಡಿಮೆ. ನಡುವಿನ ನಟ್ಟು ಬಿಗಿ ಮಾಡುವಾಗ ರಾಡೂ ಜೊತೆಗೆ ತಿರುಗಿದ್ದರೆ ಕೈಗೆ ಬಿಗಿ ಅನ್ನಿಸುತ್ತೆ, ಆದರೆ ನಟ್ಟು ಪೂರ್ತಿ ಕೂತಿರಲ್ಲ. ಇನ್ನೊಬ್ಬರು ಹಿಂಭಾಗ ಕುಲುಕಲಿ, ನೀವು ಡಿಕ್ಕಿಯೊಳಗೆ ಮೌಂಟ್ ಮೇಲೆ ಬೆರಳಿಟ್ಟು ನೋಡಿ. ಅಲ್ಲಿ ಸಡಿಲ ಇದ್ದರೆ ಬೆರಳಿಗೇ ಗೊತ್ತಾಗುತ್ತೆ. ಅಲ್ಲಿಲ್ಲದಿದ್ದರೆ ಸ್ಟೆಬಿಲೈಸರ್ ಲಿಂಕ್, ಆಮೇಲೆ ಸ್ಪ್ರಿಂಗಿನ ತುದಿ ನೋಡಿ.

ಹಬ್ಬನ್ನು ಕಾರಿನ ತಳಕ್ಕೆ ಜೋಡಿಸೋ ಆರ್ಮಿನಲ್ಲಿ ರಬ್ಬರ್ ಬುಷ್ (ಬೋಲ್ಟ್ ಸುತ್ತಲಿನ ರಬ್ಬರ್ ಕೊಳವೆ) ಇರೋ ಬೋಲ್ಟ್ ಯಾವುದಾದರೂ ಸಡಿಲಿಸಿದ್ದರೆ, ಕಾರಿನ ಭಾರ ಚಕ್ರದ ಮೇಲಿರುವಾಗ ಕೊನೇ ಬಿಗಿ ಕೊಡಿ. ಜೋತುಬಿದ್ದಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಬಿಗಿತದ ಅಳತೆ ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿದೆ, ಟಾರ್ಕ್ ರೆಂಚಿನಲ್ಲೇ (ಬಿಗಿತ ಅಳೆಯೋ ಸ್ಪ್ಯಾನರ್) ಕೊಡಿ. ಮೇಲಿನ ನಟ್ಟು ಕೂರೋ ಸಣ್ಣ ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟುಗಳು) ಜಾಸ್ತಿ ಬಲಕ್ಕೆ ತುಂಡಾಗುತ್ತವೆ. ಹಳೇ ಗುರುತಿಗೆ ಕೂರಿಸಿದ್ದರೂ ನಾಲ್ಕೂ ಚಕ್ರದ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಮಾಡಿಸಿ.