‘ಒಂದು ಧೈರ್ಯ’ ಅಂದರೆ ಸಾಕೇ? ರಾತ್ರಿ ದೀಪದ ಮೂರು ಪದಗಳು

ಗೆಳೆಯರೇ,

ಹೊರಗೆ ಹಾಕುವ ದೀಪಗಳ ಬಗ್ಗೆ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೀಪದ ಮುಖ ಯಾವ ಕಡೆಗಿರಬೇಕು, ಎಷ್ಟು ಹೊತ್ತು ಉರಿಯಬೇಕು, ಇಂಥ ವಿಷಯ. ಅರ್ಧ ಕೆಲಸ ಸಲೀಸಾಗಿ ಮುಗಿಯಿತು. ಆಮೇಲೆ ಮೂರು ಕಡೆ ಸಿಕ್ಕಿಹಾಕಿಕೊಂಡೆ.

ಮೊದಲನೆಯದು ‘ಬೆಳಕಿನ ಮಾಲಿನ್ಯ’, ಅಂದರೆ ಬೇಡದ ಕಡೆ, ಬೇಡದ ಹೊತ್ತಿನಲ್ಲಿ ಬೀಳುವ ದೀಪದ ಬೆಳಕು. ಪತ್ರಿಕೆಗಳಲ್ಲಿ ಈ ಮಾತು ಆಗಲೇ ಓಡಾಡುತ್ತಿದೆ. ಆದರೆ ವಾಯುಮಾಲಿನ್ಯ ಅಂದರೆ ಕೊಳೆಯಾಗಿದ್ದು ಗಾಳಿ, ಜಲಮಾಲಿನ್ಯ ಅಂದರೆ ಕೊಳೆಯಾಗಿದ್ದು ನೀರು. ಇಲ್ಲಿ ಕೊಳೆಯಾಗಿದ್ದು ಬೆಳಕಲ್ಲ, ಕತ್ತಲು! ಶಬ್ದಮಾಲಿನ್ಯವೂ ಹೀಗೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ ಗದ್ದಲ ಬೇಡದ್ದು ಅನ್ನೋದು ಎಲ್ಲರಿಗೂ ಮೊದಲೇ ಗೊತ್ತು. ಬೆಳಕಿನ ಕತೆ ಬೇರೆ. ‘ಬೆಳಕಿಗೆ ಬಂತು’, ‘ಬೆಳಕು ಚೆಲ್ಲಿದರು’, ‘ಬಾಳಿಗೆ ಬೆಳಕಾದಳು’, ಎಲ್ಲ ಕಡೆ ಅದಕ್ಕೆ ಮರ್ಯಾದೆ. ಕರಡು ಓದಿದ ಒಬ್ಬರು ‘ಹೊಗೆಯಿಂದ ಬೆಳಕು ಮಂಕಾಗೋದಾ?’ ಅಂತಲೇ ಕೇಳಿದರು. ‘ಕೆಟ್ಟ ಬೆಳಕು’ ಅಂತ ಬರೆಯೋಣ ಅಂದರೆ ಇನ್ನೊಂದು ಗೋಜಲು. ದೀಪ ಕೆಟ್ಟಿತು ಅಂದರೆ ಆರಿಹೋಯಿತು ಅಂತಲೂ ಅರ್ಥ. ಸದ್ಯಕ್ಕೆ ‘ಕತ್ತಲು ಕೆಡಿಸುವ ಬೆಳಕು’ ಎಂದು ಒಮ್ಮೆ ಬಿಡಿಸಿ ಹೇಳಿ, ಮುಂದಕ್ಕೆ ‘ಬೆಳಕಿನ ಮಾಲಿನ್ಯ’ವನ್ನೇ ಇಟ್ಟುಕೊಂಡಿದ್ದೇನೆ.

ಇದರ ಜೊತೆಗೇ ಬರುವ ಇನ್ನೊಂದು ಚಿಕ್ಕ ಪದ. ಮೇಲಕ್ಕೆ ಹೋದ ಬೆಳಕು ಗಾಳಿ, ಧೂಳಿಗೆ ತಾಗಿ ಚದುರಿ, ಊರಿನ ಮೇಲಿನ ಆಕಾಶವೇ ಬೆಳ್ಳಗೆ ಕಾಣುತ್ತದಲ್ಲ, ಅದಕ್ಕೆ ‘ಬಾನಬಿಳುಪು’ ಅಂದಿದ್ದೇನೆ. 2016ರಲ್ಲಿ ಪ್ರಕಟವಾದ ಜಗತ್ತಿನ ರಾತ್ರಿ ಆಕಾಶದ ನಕ್ಷೆಯ ಪ್ರಕಾರ, ಈ ಬಿಳುಪಿನಿಂದಾಗಿ ಮೂವರಲ್ಲಿ ಒಬ್ಬರಿಗೆ ತಾವಿರುವ ಜಾಗದಿಂದ ಆಕಾಶಗಂಗೆ ಕಾಣುವುದೇ ಇಲ್ಲ. 1994ರಲ್ಲಿ ಭೂಕಂಪವಾಗಿ ಲಾಸ್ ಏಂಜಲಿಸ್‌ನಲ್ಲಿ ಕರೆಂಟು ಹೋದಾಗ, ಆಕಾಶದಲ್ಲಿ ಏನೋ ವಿಚಿತ್ರ ಕಾಣ್ತಿದೆ ಅಂತ ಜನ ಗ್ರಿಫಿತ್ ವೀಕ್ಷಣಾಲಯಕ್ಕೆ ಫೋನ್ ಮಾಡಿದ್ದರು. ವಿಚಿತ್ರ ಅಂದರೆ ನಕ್ಷತ್ರಗಳು. ಹೀಗೇ ಆದರೆ ‘ಆಕಾಶಗಂಗೆ’ಗೂ ಅರ್ಥ ಕೊಡಬೇಕಾದೀತು.

ಎರಡನೆಯದು, ಕಣ್ಣಿಗೆ ನೇರ ಬಿದ್ದು ಬೇರೇನೂ ಕಾಣದಂತೆ ಮಾಡುವ ಬೆಳಕು. ನಿಘಂಟು ನೋಡಿದರೆ ‘ಕೋರೈಸು’ ಸಿಗುತ್ತದೆ. ಆದರೆ ಅದೀಗ ಹೊಗಳಿಕೆಯಾಗಿಬಿಟ್ಟಿದೆ. ‘ಕಣ್ಣು ಕೋರೈಸುವ ದೀಪಾಲಂಕಾರ’ ಅಂದರೆ ಯಾರೂ ದೂರು ಅಂದುಕೊಳ್ಳಲ್ಲ. ‘ಕಣ್ಣು ಕುಕ್ಕುವ’ ಕೂಡ ಅದೇ ದಾರಿ ಹಿಡಿದಿದೆ. ರಾತ್ರಿ ಗಾಡಿ ಓಡಿಸುವವರು ಮಾತ್ರ ‘ಲೈಟು ಕಣ್ಣಿಗೆ ಹೊಡೀತಿದೆ’ ಅನ್ನುತ್ತಾರೆ. ನನಗೆ ಅದೇ ಸರಿ ಅನ್ನಿಸಿತು. ‘ಕಣ್ಣಿಗೆ ಹೊಡೆಯುವ ದೀಪ’. ವಿಭಕ್ತಿ ಬಿಟ್ಟು ‘ಕಣ್ಣು ಹೊಡೆಯುವ ದೀಪ’ ಅಂತ ಅಚ್ಚಾದರೆ ನಾನು ಜವಾಬ್ದಾರನಲ್ಲ.

ಈ ಪದ ಹುಡುಕುತ್ತಾ ಮೊನ್ನೆ ರಾತ್ರಿ ಒಂದು ಪರೀಕ್ಷೆ ಮಾಡಿದೆ. ಒಂದು ಗೇಟಿನ ಮೇಲೆ ಜೋರು ಬಿಳಿ ದೀಪವಿತ್ತು. ಅದರತ್ತ ನಡೆಯುವಾಗ ದೀಪ ಮತ್ತು ಅದರ ಕೆಳಗಿನ ನೆಲ ಬಿಟ್ಟರೆ ಪಕ್ಕದ್ದೆಲ್ಲ ಬರೀ ಕಪ್ಪು. ಅಂಗೈಯಿಂದ ದೀಪವನ್ನು ಮರೆಮಾಡಿದೆ. ಗೇಟಿನ ಕಂಬ ಕಂಡಿತು. ಕಂಬಕ್ಕೆ ಒರಗಿ ಒಬ್ಬ ಆರಾಮಾಗಿ ಫೋನಿನಲ್ಲಿ ಮಾತಾಡುತ್ತಿದ್ದ! ಕೈ ತೆಗೆದೆ, ಮತ್ತೆ ಮಾಯ. ಕಣ್ಣು ಪೂರ್ತಿ ಕತ್ತಲಿಗೆ ಪಳಗಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಇಂಥ ದೀಪವನ್ನು ಒಂದು ಸಲ ನೋಡಿದರೆ ಸಾಕು.

ಈಗ ಮೂರನೆಯದು. ನಿಜವಾಗಿ ಕೇಳಬೇಕಿರುವುದು ಇದನ್ನೇ. ಸುರಕ್ಷಿತವಾಗಿರುವುದು ಒಂದು, ಸುರಕ್ಷಿತ ಅಂತ ಅನ್ನಿಸುವುದು ಇನ್ನೊಂದು. ಕೈಪಿಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ‘ಸುರಕ್ಷತೆ’ ಮತ್ತು ‘ಸುರಕ್ಷತಾ ಭಾವನೆ’ ಅಂತ ಬರೆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಭದ್ರತೆ’ ಅಂದರೆ ಪೊಲೀಸರು ಬಂದು ನಿಲ್ಲುತ್ತಾರೆ. ‘ಕ್ಷೇಮ’ ಕಾಗದದ ಮೊದಲ ಸಾಲಿಗೇ ಸರಿ. ಮಾತಿನಲ್ಲಂತೂ ಎಲ್ಲರೂ ‘ಸೇಫ್ ಅನ್ನಿಸುತ್ತೆ’ ಅಂತಾರೆ.

ಆದರೆ ಸುಮ್ನೆ ಕಿವಿಗೊಟ್ಟು ಕೇಳಿದರೆ ಇನ್ನೊಂದು ಪದ ಸಿಗುತ್ತದೆ. ‘ಲೈಟಿದ್ದರೆ ಒಂದು ಧೈರ್ಯ.’ ‘ಜೊತೆಗೆ ಯಾರಾದರೂ ಇದ್ದರೆ ಒಂದು ಧೈರ್ಯ.’ ಆ ‘ಒಂದು’ ಗಮನಿಸಿ. ‘ಅವಳಿಗೆ ಧೈರ್ಯ ಇದೆ’ ಅಂದರೆ ಅದು ಗುಣ. ‘ಅವಳಿಗೊಂದು ಧೈರ್ಯ’ ಅಂದರೆ ಅದು ಹೊರಗಿನಿಂದ ಬಂದ ನೆಮ್ಮದಿ. ಹಾಗಾಗಿ ಹೀಗೆ ಬರೆದೆ: ‘ದೀಪವಿದ್ದರೆ ಒಂದು ಧೈರ್ಯ. ಆದರೆ ಧೈರ್ಯ ಬಂದಾಕ್ಷಣ ಅಪಾಯ ಹೋಯಿತು ಅಂತಲ್ಲ.’

ಇದಕ್ಕೆ ಎರಡು ಆಕ್ಷೇಪ ಬಂದಿವೆ. ಒಬ್ಬರು ‘ಸುರಕ್ಷತೆಯ ಭ್ರಮೆ’ ಅಂತಲೇ ಹಾಕಿ ಅಂದರು. ನಾನು ಒಪ್ಪಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳನ್ನು ನೋಡಿದ 2015ರ ಅಧ್ಯಯನದಲ್ಲಿ, ಬೀದಿದೀಪ ಆರಿಸಿದ್ದರಿಂದ ಅಥವಾ ಮಂಕು ಮಾಡಿದ್ದರಿಂದ ಅಪಘಾತ, ಅಪರಾಧ ಹೆಚ್ಚಾಯಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ, ನಿಜ. ಆದರೆ 2016ರಲ್ಲಿ ನ್ಯೂಯಾರ್ಕ್‌ನ ಕೆಲವು ವಸತಿ ಸಮುಚ್ಚಯಗಳಲ್ಲಿ ಹೊಸದಾಗಿ ಜೋರು ದೀಪ ಹಾಕಿ ನೋಡಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದವು. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಇರುವಾಗ ‘ಭ್ರಮೆ’ ಅಂದರೆ ಪದವೇ ತೀರ್ಪು ಕೊಟ್ಟುಬಿಡುತ್ತದೆ.

ಎರಡನೇ ಆಕ್ಷೇಪ ನನ್ನನ್ನೂ ಕಾಡುತ್ತಿದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಗೆಳತಿಯೊಬ್ಬಳು ಕರಡು ಓದಿ ಹೇಳಿದ್ದು: ‘ನನಗೆ ಧೈರ್ಯ ಕಮ್ಮಿ ಇಲ್ಲ. ದಾರಿ ಸರಿ ಇಲ್ಲ. ನಿನ್ನ ಪದದಲ್ಲಿ ತಪ್ಪು ನನ್ನದಾಯಿತಲ್ಲ.’

‘ಭಯ ಇರಲ್ಲ’ ಅಂತ ತಿರುಗಿಸಿ ಬರೆದರೆ ಈ ತೊಂದರೆ ತಪ್ಪೀತೇ? ಅಥವಾ ‘ಒಂದು’ ಸೇರಿಸಿದರೆ ನಿಮ್ಮ ಕಿವಿಗೂ ಅರ್ಥ ಬದಲಾಗುತ್ತದೆಯೇ, ಇಲ್ಲಾ ಅದು ನನ್ನ ಕಡೆಯ ಮಾತಿನ ರೂಢಿ ಮಾತ್ರವೇ? ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ, ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.