ಸಹಾಯ ಬೇಕು: ಕೆಂಪು ಪಿ ಪ್ಲೇಟ್ ಮಗನ ಕಾರು, ಎಂಜಿನ್ ಮಾಡಿಫಿಕೇಶನ್ (ಮೆಲ್ಬರ್ನ್)
ಎಲ್ಲರಿಗೂ ನಮಸ್ಕಾರ. ಮಗನಿಗೆ ಈಗಷ್ಟೇ ಪಿ1 (ಹೊಸ ಚಾಲಕರ ಮೊದಲ ಹಂತದ ಪ್ರೊಬೇಶನರಿ, ಅಂದರೆ ಕೆಂಪು ಪಿ ಪ್ಲೇಟಿನ) ಲೈಸೆನ್ಸ್ ಬಂದಿದೆ. 2014ರ ಸೆಕೆಂಡ್ ಹ್ಯಾಂಡ್ ಮಜ್ದಾ 3 ನೋಡಿಟ್ಟಿದ್ದೇವೆ, ಇನ್ನೂ ದುಡ್ಡು ಕೊಟ್ಟಿಲ್ಲ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2010 ಅಥವಾ ನಂತರ ತಯಾರಾದ ಕಾರಾದರೆ ಪ್ರೊಬೇಶನರಿ ಚಾಲಕರಿಗೆ ಕಾರಿನ ತೂಕದ ಪ್ರತಿ ಟನ್ನಿಗೆ 130 ಕಿಲೋವ್ಯಾಟ್ ಎಂಜಿನ್ ಪವರ್ ಮಿತಿ. ಇದು ಅದರೊಳಗೇ ಬರುತ್ತೆ. ಆದರೆ ಪವರ್ ಹೆಚ್ಚಿಸಲು ಎಂಜಿನ್ ಮಾಡಿಫೈ ಆಗಿದ್ದರೆ ಮಿತಿಯೊಳಗಿದ್ದರೂ ಓಡಿಸುವಂತಿಲ್ಲವಂತಲ್ಲ! ಬಾನೆಟ್ ಎತ್ತಿದರೆ ಕಂಪನಿಯ ಏರ್ ಬಾಕ್ಸ್ (ಎಂಜಿನ್ನಿನ ಗಾಳಿ ಫಿಲ್ಟರ್ ಇರುವ ಡಬ್ಬಿ) ಜಾಗದಲ್ಲಿ ಕೆಂಪು ಕೋನ್ ಫಿಲ್ಟರ್ ಕೂತಿದೆ. ಮಾರುವವರು "ಬರೀ ಸೌಂಡಿಗೆ" ಅಂತಾರೆ, ನನಗೆ ನಂಬಿಕೆಯಿಲ್ಲ. ಪವರ್ ಹೆಚ್ಚಿಸಲು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ್ದರೆ ಕಣ್ಣಿಗೂ ಕಾಣಲ್ಲ. ಹಳೇ ಏರ್ ಬಾಕ್ಸ್ ವಾಪಸ್ ಹಾಕಿಸಿದರೆ ಸಾಕೇ? ಟ್ಯೂನ್ ಪತ್ತೆಹಚ್ಚುವ, ಪೂರ್ವದ ಸಬರ್ಬ್‌ಗಳ ಕಡೆಯ ನಂಬಿಕಸ್ಥ ಮೆಕ್ಯಾನಿಕ್ ಯಾರಾದರೂ ಗೊತ್ತಾ? ಮಗನಿಗಂತೂ ಆ ಸೌಂಡೇ ಬೇಕಂತೆ, ಅದು ಬೇರೆ ಕಥೆ. ಶನಿವಾರದೊಳಗೆ ತಿಳಿಸಿದರೆ ಉಪಕಾರ.