ಬಿಎ ಪ್ರಾಚೀನ ವಿಶ್ವ ನಾಗರಿಕತೆಗಳು: ಈ ಪತ್ರಿಕೆಯನ್ನು ಓದುವುದು ಹೇಗೆ?

ಪ್ರಶ್ನೆ: ಬಿಎ ಇತಿಹಾಸ, ಕನ್ನಡ ಮಾಧ್ಯಮ. ಈ ಸೆಮಿಸ್ಟರ್‌ನಲ್ಲಿ ಈಜಿಪ್ಟ್, ಮೆಸೊಪೊಟೇಮಿಯಾ, ಸಿಂಧೂ, ಚೀನಾ, ಗ್ರೀಸ್, ರೋಮ್ ಇಷ್ಟೂ ಇವೆ. ಇಸವಿಗಳು ಒಂದರೊಳಗೊಂದು ಕಲಸಿಹೋಗುತ್ತಿವೆ, ಅದೂ ಒಂದೊಂದು ಪುಸ್ತಕದಲ್ಲಿ ಒಂದೊಂದು ಇಸವಿ. 10 ಅಂಕದ ಉತ್ತರಕ್ಕೆ ಮೂರು ಪುಟ ಬರೆದರೂ 5 ದಾಟುತ್ತಿಲ್ಲ. ಗೊತ್ತಿರುವವರು ದಾರಿ ಹೇಳಿ.

ಉತ್ತರಪತ್ರಿಕೆ ತಿದ್ದುವವರೊಬ್ಬರು:

5ಕ್ಕೇ ನಿಲ್ಲಲು ಕಾರಣ ಬಹುತೇಕ ಒಂದೇ. ನಿಮ್ಮ ಉತ್ತರದಲ್ಲಿ ‘ಈಜಿಪ್ಟ್’ ಇರುವ ಕಡೆಯೆಲ್ಲ ‘ಮೆಸೊಪೊಟೇಮಿಯಾ’ ಎಂದು ಹಾಕಿ ಓದಿ. ಆಗಲೂ ಏನೂ ತಪ್ಪು ಕಾಣದಿದ್ದರೆ ಆ ಉತ್ತರದಲ್ಲಿ ಸರಕಿಲ್ಲ ಎಂದರ್ಥ. ‘ನದಿ ತೀರದಲ್ಲಿ ಬೆಳೆಯಿತು, ಕೃಷಿ ಮುಖ್ಯ ಕಸುಬು, ಅನೇಕ ದೇವರುಗಳನ್ನು ಪೂಜಿಸುತ್ತಿದ್ದರು’ ಎಂಬುದು ಯಾವ ನಾಗರಿಕತೆಗೆ ಹೊಂದುವುದಿಲ್ಲ ಹೇಳಿ! ರಾಜಕೀಯ, ಸಾಮಾಜಿಕ, ಆರ್ಥಿಕ, ಧಾರ್ಮಿಕ ಎಂದು ಗೈಡುಗಳು ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಹಾಕುವುದರಿಂದ ಹೀಗಾಗುತ್ತದೆ.

ನೀರಿನಿಂದ ಶುರು ಮಾಡಿ. ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಬೀಳುವ ಮುಂಗಾರು ಮಳೆಯಿಂದ ನೈಲ್ ಜುಲೈ ಹೊತ್ತಿಗೆ ಏರಿ, ಅಕ್ಟೋಬರ್–ನವೆಂಬರ್‌ಗೆ ಇಳಿಯುತ್ತಿತ್ತು. ನೆರೆ ಇಳಿದ ಹಸಿ ಮಣ್ಣಿನಲ್ಲಿ ಬಿತ್ತನೆ, ಬೇಸಿಗೆಗೆ ಮೊದಲೇ ಕೊಯ್ಲು. ಅಂದರೆ ನೆರೆ ಬೇಸಾಯಕ್ಕೆ ಹೇಳಿ ಮಾಡಿಸಿದ ಹೊತ್ತಿಗೇ ಬರುತ್ತಿತ್ತು. ಟೈಗ್ರಿಸ್–ಯೂಫ್ರೆಟಿಸ್ ಹಾಗಲ್ಲ. ಟರ್ಕಿಯ ಬೆಟ್ಟಗಳ ಹಿಮ ಕರಗಿ ಏಪ್ರಿಲ್–ಮೇನಲ್ಲಿ, ಬಾರ್ಲಿ ಕೊಯ್ಲಿಗೆ ಬರುವ ಹೊತ್ತಿಗೆ ನೆರೆ. ಬಿತ್ತುವಾಗ ನೀರಿಲ್ಲ, ಕೊಯ್ಯುವಾಗ ಹೆಚ್ಚು. ಅದಕ್ಕೇ ಅಲ್ಲಿ ಕಾಲುವೆ, ಒಡ್ಡು, ಅವುಗಳ ಹೂಳು ತೆಗೆಯಲು ಆಳುಗಳು, ಆಳುಗಳಿಗೆ ಅಳೆದು ಕೊಡುವ ಧಾನ್ಯ, ಆ ಧಾನ್ಯದ ಲೆಕ್ಕ. ಕ್ರಿ.ಪೂ. 3300ರ ಆಸುಪಾಸಿನ ಉರುಕ್ ನಗರದ ಮೊದಲ ಜೇಡಿಮಣ್ಣಿನ ಫಲಕಗಳಲ್ಲಿ ಹೆಚ್ಚಿನವು ಇಂಥ ಲೆಕ್ಕದ ಚೀಟಿಗಳೇ. ಇಷ್ಟು ಬರೆದರೆ ಭೂಗೋಳ, ಆಡಳಿತ, ಲಿಪಿ ಮೂರೂ ಒಂದೇ ಎಳೆಯಲ್ಲಿ ಬರುತ್ತವೆ. ಈಜಿಪ್ಟ್ ಎಂದು ಹೆಸರು ಬದಲಿಸಿದರೆ ಉತ್ತರ ಮುರಿದುಬೀಳುತ್ತದೆ. ಹಾಗೆ ಮುರಿಯಬೇಕು.

ಮೂರು ಪುಟ ಬೇಡ, ಎರಡು ಸಾಕು. ಮೊದಲ ನಾಲ್ಕು ಸಾಲಿನಲ್ಲಿ ಕಾಲ, ಸ್ಥಳ, ಆಧಾರ. ಆಮೇಲೆ ಮೂರೋ ನಾಲ್ಕೋ ಅಂಶ, ಪ್ರತಿಯೊಂದಕ್ಕೂ ಹೆಸರಿರುವ ಒಂದು ಸಾಕ್ಷ್ಯ. ಪೀಠಿಕೆಯಲ್ಲಿ ‘ಇತಿಹಾಸವು ಮಾನವನ ಕನ್ನಡಿ’ ಎಂದೆಲ್ಲ ಬರೆಯುವುದನ್ನು ಬಿಟ್ಟುಬಿಡಿ, ತಿದ್ದುವವರು ಅದನ್ನು ಓದುವುದೇ ಇಲ್ಲ.

ಪದವಿ ತರಗತಿಗೆ ಪಾಠ ಮಾಡುವವರು:

ಇಸವಿ ಕಲಸಿಹೋಗುವುದು ಒಂದೊಂದೇ ನಾಗರಿಕತೆಯನ್ನು ಮುಗಿಸಿ ಮುಂದಕ್ಕೆ ಹೋಗುವುದರಿಂದ. ಗ್ರಾಫ್ ಹಾಳೆಗಳನ್ನು ಅಂಟಿಸಿ ಒಂದು ಪಟ್ಟಿ ಮಾಡಿ. ಕ್ರಿ.ಪೂ. 3500ರಿಂದ ಕ್ರಿ.ಶ. 500ರವರೆಗೆ 4000 ವರ್ಷ. 1 ಸೆಂ.ಮೀ.ಗೆ 100 ವರ್ಷ ಹಿಡಿದರೆ 40 ಸೆಂ.ಮೀ. ಉದ್ದ. ಈಜಿಪ್ಟ್, ಮೆಸೊಪೊಟೇಮಿಯಾ, ಸಿಂಧೂ, ಚೀನಾ, ಗ್ರೀಸ್–ರೋಮ್‌ಗೆ ಐದು ಅಡ್ಡಸಾಲು. ಮೊದಲು ಪೆನ್ಸಿಲಿನಲ್ಲಿ ಅವಧಿಗಳನ್ನು ಮಾತ್ರ ಹಾಕಿ, ರಾಜರ ಹೆಸರು ಆಮೇಲೆ. ಹರಪ್ಪದ ನಗರ ಹಂತ (ಕ್ರಿ.ಪೂ. 2600–1900) ಗೀಜಾದ ಪಿರಮಿಡ್ಡುಗಳಿಗೂ ಮೆಸೊಪೊಟೇಮಿಯಾದ ಅಕ್ಕಾಡಿನ ರಾಜ ಸಾರ್ಗಾನನಿಗೂ ನೇರ ಕೆಳಗೆ ಬಂದು ಕೂರುತ್ತದೆ. ಮೆಲುಹ್ಹದ ಹಡಗುಗಳು ತನ್ನ ಕಟ್ಟೆಗೆ ಬಂದು ನಿಂತವು ಎಂದು ಸಾರ್ಗಾನ್ ಹೇಳಿಕೊಂಡಿರುವುದು ಆಗ ತಾನಾಗಿಯೇ ನೆನಪಿರುತ್ತದೆ. ಮೆಲುಹ್ಹ ಎಂದರೆ ಸಿಂಧೂ ಪ್ರದೇಶ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವಾಗ ಒಂದು ವರ್ಷ ಕಳೆಯಬೇಕು, ಏಕೆಂದರೆ ಸೊನ್ನೆ ವರ್ಷ ಇಲ್ಲ. ಆಗಸ್ಟಸ್ ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ ಆಳಿದ್ದು 41 ಅಲ್ಲ, 40 ವರ್ಷ. ಕ್ರಿ.ಪೂ. 6ನೇ ಶತಮಾನ ಎಂದರೆ 600ರಿಂದ 501.

ಪುಸ್ತಕಕ್ಕೊಂದು ಇಸವಿ ಇರುವುದು ಎಲ್ಲ ಸಲವೂ ಅಚ್ಚಿನ ತಪ್ಪಲ್ಲ. ಬ್ಯಾಬಿಲೋನಿನ ರಾಜ ಹಮ್ಮುರಾಬಿಗೆ ಒಂದು ಕಡೆ ಕ್ರಿ.ಪೂ. 1792–1750, ಇನ್ನೊಂದು ಕಡೆ 1728–1686 ಎಂದಿರುತ್ತದೆ. ಬ್ಯಾಬಿಲೋನಿನ ಫಲಕವೊಂದರಲ್ಲಿ ದಾಖಲಾದ ಶುಕ್ರಗ್ರಹದ ಉದಯಾಸ್ತಗಳನ್ನು ಹಿಡಿದು ಲೆಕ್ಕ ಹಾಕಿದಾಗ ಒಂದಕ್ಕಿಂತ ಹೆಚ್ಚು ಉತ್ತರ ಬರುತ್ತದೆ. ಮೊದಲನೆಯದು ಮಧ್ಯಮ ಕಾಲಾನುಕ್ರಮ, ಎರಡನೆಯದು ಹ್ರಸ್ವ. ಪಠ್ಯಪುಸ್ತಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಧ್ಯಮ. ಒಂದನ್ನು ಹಿಡಿದರೆ ಇಡೀ ಉತ್ತರದಲ್ಲಿ ಅದನ್ನೇ ಹಿಡಿಯಿರಿ. ‘ಸುಮಾರು’ ಬರೆಯಲು ಸಂಕೋಚ ಬೇಡ.

ನಕ್ಷೆ ಬಗ್ಗೆ, ಚಿಕ್ಕದಾಗಿ:

ಔಟ್‌ಲೈನ್ ಮ್ಯಾಪಿನಲ್ಲಿ ಮೊದಲು ನದಿ ಎಳೆಯಿರಿ, ಊರು ಆಮೇಲೆ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ‘ಮೇಲಿನ ಈಜಿಪ್ಟ್’ ನಕ್ಷೆಯ ಕೆಳಗಿದೆ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಥೀಬ್ಸ್ ಮೇಲಿನ ಈಜಿಪ್ಟಿನದು, ಮೆಂಫಿಸ್ ಇರುವುದು ಮುಖಜಭೂಮಿ ಶುರುವಾಗುವ ಕಡೆ. ಉರ್ ನಗರ ಇಂದು ಸಮುದ್ರದಿಂದ ದೂರ, ಆದರೆ ಅಂದು ಪರ್ಶಿಯನ್ ಕೊಲ್ಲಿಯ ದಡ ಅದಕ್ಕೆ ತೀರ ಹತ್ತಿರವಿತ್ತು. ಅಂದಹಾಗೆ, ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ನೋಟ್ಸಿನ ಅಂಚಿನಲ್ಲಿ ಬರೆದಿಡಿ. ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಹುಡುಕುವಾಗ ಸಿಗುವುದಿಲ್ಲ.

ಆಕರಗಳ ಮೇಲೆ ಕೆಲಸ ಮಾಡುವವರು:

ಮೇಲಿನವರು ಹೇಳಿದ ‘ಸಾಕ್ಷ್ಯ’ದ ಮಾತಿಗೆ ಸೇರಿಸುತ್ತೇನೆ. ಗೈಡುಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ನಕಲಾಗುತ್ತಿರುವ ತಪ್ಪುಗಳಿವೆ. ಹಮ್ಮುರಾಬಿಯದು ಜಗತ್ತಿನ ಮೊದಲ ಕಾನೂನು ಸಂಹಿತೆ ಎಂಬುದು ಒಂದು. ಉರ್ ನಗರದ ರಾಜ ಉರ್–ನಮ್ಮುವಿನ ಹೆಸರಿನ ಸಂಹಿತೆ ಅದಕ್ಕಿಂತ ಸುಮಾರು ಮೂರು ಶತಮಾನ ಹಳೆಯದು. ‘ಕಣ್ಣಿಗೆ ಕಣ್ಣು’ ಎಲ್ಲರಿಗೂ ಅನ್ವಯ ಎಂಬುದು ಇನ್ನೊಂದು. ಮೇಲ್ವರ್ಗದವನು ತನ್ನ ಸಮಾನನ ಕಣ್ಣು ಕಳೆದರೆ ಮಾತ್ರ ಕಣ್ಣು. ಕೆಳ ದರ್ಜೆಯವನ ಕಣ್ಣಿಗೆ ಒಂದು ಮಿನಾ (ಸುಮಾರು ಅರ್ಧ ಕಿಲೋ ತೂಕ) ಬೆಳ್ಳಿ, ಗುಲಾಮನದಾದರೆ ಅವನ ಬೆಲೆಯ ಅರ್ಧ. ಸಾಮಾಜಿಕ ಶ್ರೇಣಿಯ ಬಗ್ಗೆ ಒಂದು ಪುಟ ಬರೆಯುವ ಬದಲು ಈ ಮೂರು ಸಾಲು ಬರೆಯಿರಿ.

ಆರ್ಯರು ದಂಡೆತ್ತಿ ಬಂದು ಹರಪ್ಪವನ್ನು ನಾಶ ಮಾಡಿದರು ಎಂಬ ವಾದ ಇನ್ನೂ ಕೆಲವು ಗೈಡುಗಳಲ್ಲಿ ಉಳಿದಿದೆ. ಅದಕ್ಕೆ ಆಧಾರವಾಗಿ ತೋರಿಸುತ್ತಿದ್ದ ಮೊಹೆಂಜೊದಾರೊ ಅಸ್ಥಿಪಂಜರಗಳು ಒಂದೇ ಕಾಲದವಲ್ಲ. ಈಗ ಹವಾಮಾನ, ನದಿಗಳ ಬದಲಾವಣೆ, ವ್ಯಾಪಾರದ ಕುಸಿತಗಳನ್ನು ಒಟ್ಟಾಗಿ ನೋಡುತ್ತಾರೆ.

ಒಂದೇ ಘಟನೆಗೆ ಎರಡು ಕಡೆಯ ಆಕರ ಇಟ್ಟು ಓದುವುದನ್ನು ಕಲಿಯಲು ಕಾದೇಶ್ ಯುದ್ಧಕ್ಕಿಂತ ಒಳ್ಳೆಯ ಪಾಠವಿಲ್ಲ. ಕ್ರಿ.ಪೂ. ಸುಮಾರು 1274ರಲ್ಲಿ ಈಜಿಪ್ಟಿನ ಎರಡನೇ ರಾಮ್ಸೆಸ್ ಇಂದಿನ ಟರ್ಕಿಯ ಕಡೆಯ ಹಿಟ್ಟೈಟರ ಮೇಲೆ ಕಾದಿ, ತಾನೇ ಗೆದ್ದೆ ಎಂದು ಅಬು ಸಿಂಬೆಲ್‌ನಲ್ಲಿಯೂ ಲಕ್ಸರ್‌ನಲ್ಲಿಯೂ ಕೆತ್ತಿಸಿದ. ಇಂದಿನ ಸಿರಿಯಾದಲ್ಲಿದ್ದ ಕಾದೇಶ್ ಪಟ್ಟಣ ಮಾತ್ರ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಸುಮಾರು 15 ವರ್ಷದ ಮೇಲೆ ಆದ ಒಪ್ಪಂದದ ಒಂದು ಪ್ರತಿ ಈಜಿಪ್ಟಿನ ಕಾರ್ನಾಕ್ ದೇವಾಲಯದ ಗೋಡೆಯ ಮೇಲಿದೆ, ಇನ್ನೊಂದು ಹಿಟ್ಟೈಟ್ ರಾಜಧಾನಿ ಹಟ್ಟುಸಾದಲ್ಲಿ ಅಕ್ಕಾಡಿಯನ್ ಭಾಷೆಯ ಫಲಕಗಳಾಗಿ ಸಿಕ್ಕಿದೆ. ಶಾಂತಿ ಬೇಡಿ ಬಂದವರು ಎದುರಿನವರೇ ಎಂದು ಎರಡೂ ಹೇಳುತ್ತವೆ! ಅಸೈನ್‌ಮೆಂಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಹಿಡಿಯಿರಿ.

ನಮ್ಮ ಕಡೆಯ ಕೊಂಡಿ ಬೇಕೆನ್ನುವವರಿಗೆ:

ರೋಮ್ ಘಟಕಕ್ಕೆ ಚಿತ್ರದುರ್ಗದ ಚಂದ್ರವಳ್ಳಿ ಸಾಕು. ಅಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆದರೆ ನಾಣ್ಯ ಸಿಕ್ಕಿದ ಮಾತ್ರಕ್ಕೆ ರೋಮನ್ನರು ಅಲ್ಲಿಗೆ ಬಂದಿದ್ದರು ಎಂದು ಬರೆಯಬೇಡಿ, ನಾಣ್ಯ ಹತ್ತು ಕೈ ದಾಟಿ ಬಂದಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಪಪೈರಸ್‌ನಲ್ಲಿರುವ ಗ್ರೀಕ್ ಪ್ರಹಸನದ ಕೆಲವು ಮಾತು ಕನ್ನಡ ಎಂಬುದು ಕೂಡ ವಾದವೇ ಹೊರತು ತೀರ್ಮಾನವಲ್ಲ. ‘ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ’ ಎಂದೇ ಬರೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಪಟ್ಟಿ ಶುರು ಮಾಡಿದ್ದೇನೆ. ಚೀನಾದ ಸಾಲು ಮಾತ್ರ ಖಾಲಿ ಹೊಡೆಯುತ್ತಿದೆ. ಶಿಯಾ ವಂಶದಿಂದ ಶುರು ಮಾಡಲೇ?

ಪಾಠ ಮಾಡುವವರು: ಶಿಯಾವನ್ನು ಚುಕ್ಕೆ ಗೆರೆಯಲ್ಲಿ ಹಾಕಿ, ಶಾಂಗ್ ವಂಶವನ್ನು ಗಟ್ಟಿ ಗೆರೆಯಲ್ಲಿ. ಶಿಯಾದ ಕಾಲದ ಬರಹ ಸಿಕ್ಕಿಲ್ಲ, ಎಲ್ಲವೂ ನಂತರದ ಗ್ರಂಥಗಳು ಹೇಳಿದ್ದು. ಶಾಂಗ್‌ಗೆ ಆನ್‌ಯಾಂಗ್‌ನ ಶಕುನದ ಮೂಳೆಗಳಿವೆ. ದನದ ಭುಜದ ಮೂಳೆ, ಆಮೆಯ ಹೊಟ್ಟೆಚಿಪ್ಪಿನ ಮೇಲೆ ಕಾವು ತಾಗಿಸಿ, ಬಿಟ್ಟ ಬಿರುಕು ನೋಡಿ ಶಕುನ ಹೇಳಿ, ಕೇಳಿದ ಪ್ರಶ್ನೆಯನ್ನು ಅದರ ಮೇಲೆಯೇ ಕೊರೆಯುತ್ತಿದ್ದರು. ಅವುಗಳಲ್ಲಿ ಬರುವ ರಾಜರ ಹೆಸರುಗಳು ಸಾವಿರ ವರ್ಷದ ಮೇಲೆ ಚೀನಾದ ಇತಿಹಾಸಕಾರ ಸಿಮಾ ಚಿಯೆನ್ ಕೊಟ್ಟ ವಂಶಾವಳಿಗೆ ಬಹುಮಟ್ಟಿಗೆ ಹೊಂದುತ್ತವೆ. ಬರಹದ ಗುರುತನ್ನು ಕ್ರಿ.ಪೂ. ಸುಮಾರು 1250ರಲ್ಲಿ ಇಡಿ, ಜೌ ವಂಶದ ಆರಂಭವನ್ನು ಸುಮಾರು 1046ಕ್ಕೆ, ಚಿನ್ ರಾಜ್ಯ ಚೀನಾವನ್ನು ಒಂದುಗೂಡಿಸಿದ್ದನ್ನು 221ಕ್ಕೆ. ಸದ್ಯಕ್ಕೆ ಆ ಸಾಲಿಗೆ ಇಷ್ಟು ಸಾಕು.